ಲಾಂಚಿನಲ್ಲಿ ಹೇಳಬಾರದ ಹೆಸರು

ಬಾವ್‌ಹೆಯ ಮನೆತನದ ಹೆಸರು ಚೆನ್. ನದಿಯ ಮೇಲೆ ಹೊಟ್ಟೆ ಹೊರೆಯುವವನಿಗೆ ಇದಕ್ಕಿಂತ ಕೆಟ್ಟ ಹೆಸರು ಇನ್ನೊಂದಿಲ್ಲ. ಅವರ ಭಾಷೆಯಲ್ಲಿ ಚೆನ್ ಅಂದರೆ ಮುಳುಗು ಅಂತಲೂ ಆಗುತ್ತದೆ. ಬರೆಯುವ ಅಕ್ಷರ ಬೇರೆ, ಕಿವಿಗೆ ಬಿದ್ದರೆ ಎರಡೂ ಒಂದೇ. ನದಿಗೆ ಓದುಬರಹ ಬರುವುದಿಲ್ಲ, ಅದು ಕೇಳಿಸಿಕೊಳ್ಳುತ್ತದೆ ಅಷ್ಟೆ. ದೀಪ ಆರಿತು ಅನ್ನಲಾರದೆ ದೀಪ ದೊಡ್ಡದಾಯಿತು ಅನ್ನುವ ಜನಕ್ಕೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಯಿಂಗ್ಕೊವ್ ಊರಿನ ದಕ್ಕೆಯಲ್ಲಿ ಅವನನ್ನು ಎಲ್ಲರೂ ಅರ್‌ದೊಂಗ್ ಎಂದೇ ಕರೆಯುತ್ತಿದ್ದರು. ಅರ್ ಎಂದರೆ ಕಿವಿ, ದೊಂಗ್ ಎಂದರೆ ಮೂಡಣ. ಆ ಎರಡನ್ನು ಅಕ್ಕಪಕ್ಕ ಬರೆದರೆ ಚೆನ್ ಎಂಬ ಅಕ್ಷರ. ಹೆಸರು ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು.

ಲಿಯಾವ್ ನದಿಯ ಲಾಂಚಿನಲ್ಲಿ ಎಂಜಿನ್ ನೋಡಿಕೊಳ್ಳುವುದು ಅವನ ಕೆಲಸ. ಕೆಳಗೆ, ನೀರಿನ ಮಟ್ಟಕ್ಕಿಂತ ಒಂದಾಳು ಆಳದಲ್ಲಿ, ಡೀಸೆಲ್ ವಾಸನೆಯೊಳಗೆ ಅವನ ಆಯುಷ್ಯ ಕಳೆದಿತ್ತು. ಮೇಲೆ ಯಾರು ಹತ್ತಿದರು, ಯಾರು ಇಳಿದರು, ಮದುವೆ ದಿಬ್ಬಣವೋ ಹೆಣವೋ, ಅವನಿಗೆ ತಲೆಯ ಮೇಲಿನ ತಗಡಿನಲ್ಲಿ ಕೇಳುವ ಹೆಜ್ಜೆ ಸಪ್ಪಳ ಮಾತ್ರ. ಆದರೆ ಶಾಸ್ತ್ರದ ವಿಷಯಕ್ಕೆ ಬಂದರೆ ಕ್ಯಾಪ್ಟನ್ ಲುವಾನ್‌ಗಿಂತ ಅವನೇ ಜೋರು. ಊಟಕ್ಕೆ ಮೀನು ಬೇಯಿಸಿದರೆ ಒಂದು ಮಗ್ಗುಲು ತಿಂದು ಮುಗಿಸಿ, ನಡುವಿನ ಮುಳ್ಳನ್ನು ಎತ್ತಿಟ್ಟು ಕೆಳಗಿನದನ್ನು ತಿನ್ನಬೇಕು, ಮೀನನ್ನು ಮಗುಚಿ ಹಾಕಬಾರದು. ಬಟ್ಟಲು ಬೋರಲು ಹಾಕಬಾರದು. ಪ್ರಯಾಣಿಕರು ಯಾರಾದರೂ ಬಾಯಿತಪ್ಪಿ ಚೆನ್ ಎಂಬ ಆ ಮಾತು ಆಡಿದರೆ ಲಾಂಚಿನವರು ತಕ್ಷಣ ನೀರಿಗೆ ಮೂರು ಸಲ ಉಗಿದು, "ಈ ಲಾಂಚಲ್ಲಿಲ್ಲ, ಇಲ್ಲ, ಇಲ್ಲ!" ಅನ್ನಬೇಕು. ಟಿಕೆಟ್ ಹರಿಯುವ ಲಿಯಾನ್‌ಜಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನೆಲ್ಲ ಕಲಿಸಿದವನು ಅವನೇ. ಅವಳು ಒಮ್ಮೆ ಮರೆತದ್ದಕ್ಕೆ ಇಡೀ ದಿನ ಮಾತು ಬಿಟ್ಟಿದ್ದ.

"ಅಲ್ಲ ಅರ್‌ದೊಂಗಣ್ಣ, ನಿನ್ನ ಹೆಸರೇ ಅದು. ಅದನ್ನ ಹೊತ್ಕೊಂಡು ದಿನಾ ಲಾಂಚ್ ಹತ್ತೋನು ನೀನು. ನಾವು ಹೇಳಿದ್ರೆ ಮಾತ್ರ ತಪ್ಪಾ?" ಎಂದು ಅವಳು ಕೆಣಕುತ್ತಿದ್ದಳು.

"ಅದಕ್ಕೇ ಕಣೆ. ಮನೇಲಿ ಹಾವಿದ್ದೋನಿಗೆ ತಾನೆ ಬಾಗಿಲು ನೋಡಿ ಹಾಕೋ ಚಿಂತೆ" ಎನ್ನುತ್ತಿದ್ದ ಅವನು.

ಈ ಹಟದಿಂದಲೇ ಅವನ ಸಂಸಾರದಲ್ಲಿ ಮೊದಲ ಜಗಳ ಹುಟ್ಟಿದ್ದು. ಮಗಳು ಹುಟ್ಟಿದಾಗ ಹೆಂಡತಿ ಮಿಂಗ್‌ಶಿಯಾ ಕೂಸಿಗೆ ಫಾನ್ ಎಂದು ಹೆಸರಿಡೋಣ ಅಂದಳು. ಫಾನ್ ಅಂದರೆ ಹಾಯಿ. ಬಂದರಿನ ಊರಿಗೆ ಚೆಂದದ ಹೆಸರು. ಬಾವ್‌ಹೆ ಹೌಹಾರಿಬಿಟ್ಟ. ಫಾನ್ ಅಂದರೆ ಮಗುಚು ಅಂತಲೂ ಕೇಳುತ್ತದೆ. ದೋಣಿಯವರು ಹಾಯಿಗೂ ಆ ಹೆಸರು ಹೇಳದೆ ಬೇರೆ ಮಾತು ಬಳಸುತ್ತಾರೆ. "ಮುಳುಗು ಮಗುಚು ಅಂತ ಕರೀಬೇಕಾ ನನ್ನ ಮಗಳನ್ನ? ಜಗತ್ತಿನಲ್ಲಿ ಯಾವ ಅಪ್ಪನಾದ್ರೂ ಇಟ್ಟಾನಾ ಆ ಹೆಸರು?" ಎಂದು ರೇಗಿ, ತಾನೇ ಹೋಗಿ ಪಿಂಗ್ ಎಂದು ಬರೆಸಿ ಬಂದ. ಪಿಂಗ್ ಎಂದರೆ ಅಲೆಯಿಲ್ಲದ್ದು, ನೆಮ್ಮದಿಯದ್ದು.

ಯಿಂಗ್ಕೊವ್‌ನ ಹಣೆಬರಹವನ್ನೂ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಇವನದ್ದು ತಿಳಿಯುವುದಿಲ್ಲ. ಈ ಊರಿಗೆ ಬಂದ ದಾರಿಗಳೆಲ್ಲ ಊರಿನದ್ದನ್ನು ಹೊತ್ತುಕೊಂಡು ಹೋಗಲಿಕ್ಕೇ ಬಂದವು. ಹಿಂದೆ ಉತ್ತರದ ಬಯಲಿನ ಸೋಯಾ ಅವರೆಯೆಲ್ಲ ನದಿಯಲ್ಲಿ ತೇಲಿ ಇಲ್ಲಿಗೇ ಬರುತ್ತಿತ್ತು. ಓಣಿ ಓಣಿಗೆ ಎಣ್ಣೆ ಗಾಣ, ಗಾಣದ ಹಿಂಡಿ ಹೊರಲು ಜನ, ಹೊರದೇಶದ ಹಡಗುಗಳು, ಅವುಗಳ ಹಿಂದೆ ಬಂದ ಪರದೇಶಿ ಬಾವುಟಗಳು. ಬಾವ್‌ಹೆಯ ಅಜ್ಜ ಗಾಡಿ ಚಕ್ರದಷ್ಟು ದೊಡ್ಡ ಹಿಂಡಿ ಬಿಲ್ಲೆ ಹೊತ್ತು ಹೊತ್ತು ಕೊನೆಗೆ ಕುತ್ತಿಗೆ ತಿರುಗಿಸಲಾಗದೆ ಸತ್ತ. ರೈಲು ಬಂತು. ಬಂದದ್ದು ಊರಿಗಲ್ಲ, ಎದುರು ದಡಕ್ಕೆ. ಅಲ್ಲೇ ಹಳಿ ಮುಗಿಯಿತು. ಇನ್ನೊಂದು ರೈಲು ಕಾಳನ್ನೆಲ್ಲ ಸೀದಾ ದಾಲಿಯನ್‌ನ ಆಳವಾದ ಬಂದರಿಗೆ ಒಯ್ದಿತು. ನದಿಗೆ ಹೂಳು ತುಂಬಿತು. ಆಮೇಲೆ ತೆಂಕಣಕ್ಕೆ, ಬಯುಚುವಾನ್‌ನಲ್ಲಿ ಹೊಸ ಬಂದರು ಕಟ್ಟಿದರು. ಊರಿನ ಹೆಸರು ಈಗ ಕಂಟೇನರ್ ಡಬ್ಬಿಗಳ ಮೇಲೆ ದೇಶ ಸುತ್ತುತ್ತದೆ, ಊರು ಮಾತ್ರ ಇದ್ದಲ್ಲೇ ತುಕ್ಕು ಹಿಡಿಯಿತು. ಬಟ್ಟೆ ಗಿರಣಿ ಮುಚ್ಚಿತು, ಕಾಗದದ ಕಾರ್ಖಾನೆ ಮುಚ್ಚಿತು. ಉಳಿದದ್ದು ಈ ಲಾಂಚು. ರೈಲು ನದಿ ದಾಟದೆ ನಿಂತಿತ್ತಲ್ಲ, ಆ ಒಂದು ಕೊರತೆಯ ಮೇಲೆ ಇಷ್ಟು ಜನರ ಅನ್ನ ನಿಂತಿತ್ತು.

ಮಿಂಗ್‌ಶಿಯಾ ಬಟ್ಟೆ ಗಿರಣಿಯವಳು. ಗಿರಣಿ ಮುಚ್ಚಿದ ಚಳಿಗಾಲ ನದಿಯೂ ಹೆಪ್ಪುಗಟ್ಟಿ ಲಾಂಚು ನಿಂತಿತ್ತು. ಇಬ್ಬರೂ ಮನೆಯಲ್ಲೇ ಕೂತು ಒಬ್ಬರ ಮುಖ ಒಬ್ಬರು ನೋಡಿ ಸಿಡಿಮಿಡಿಗೊಂಡರು. ಕೊನೆಗೆ ಅವಳು ಮಗಳನ್ನು ಕರೆದುಕೊಂಡು ರೈಲಿನ ದಾರಿಯ ಆಚೆ ತುದಿಯ ಗೌಬಾಂಗ್‌ಜಿಗೆ, ತವರಿಗೆ ಹೊರಟಳು. ಮಂಜುಗಡ್ಡೆಯ ಮೇಲೆ ನಡೆದೇ ನದಿ ದಾಟಿದರು. ಬಾವ್‌ಹೆ ಅರ್ಧದವರೆಗೆ ಹಿಂದೆಯೇ ಹೋದ.

"ಇನ್ನು ಬರಬೇಡ" ಅಂದಳು ಅವಳು. "ಇವಳ ಹೆಸರು ಇವತ್ತಿಂದ ಫಾನ್. ನಿನ್ನ ನದಿ ಏನ್ ಮಾಡ್ಕೊಳ್ಳುತ್ತೋ ಮಾಡ್ಕೊಳ್ಳಲಿ. ದೊಡ್ಡವಳಾದ ಮೇಲೆ ಅಪ್ಪ ಬೇಕು ಅನ್ನಿಸಿದ್ರೆ ಅವಳೇ ಬರ್ತಾಳೆ. ನೀನು ಎಲ್ಲಿರ್ತೀಯ ಅಂತ ಕೇಳಿದ್ರೆ ಲಾಂಚಲ್ಲಿ ಅಂತ ಹೇಳ್ತೀನಿ, ಅಷ್ಟು ಮಾತ್ರ ಮಾಡ್ತೀನಿ."

ಮಗಳು ಕೆಂಪು ಟೋಪಿ ಹಾಕಿಕೊಂಡಿದ್ದಳು. ತಿರುಗಿ ನೋಡಿದಳೋ ಇಲ್ಲವೋ, ಕಣ್ಣಿಗೆ ಹಿಮ ಹೊಡೆಯುತ್ತಿದ್ದುದರಿಂದ ಅವನಿಗೆ ಕಾಣಲಿಲ್ಲ. ಮುಂದೆ ಎರಡು ಸಲ ಗೌಬಾಂಗ್‌ಜಿಗೆ ಹೋಗಿ ಬಾಗಿಲು ತಟ್ಟಿದ. ಎರಡು ಸಲವೂ ಅತ್ತೆ ಬಾಗಿಲ ಸಂದಿಯಲ್ಲೇ ಮಾತಾಡಿ ಕಳಿಸಿದಳು. ಅಲ್ಲಿಂದಾಚೆಗೆ ಅವನು ಕಾದದ್ದು ಒಂದನ್ನೇ. ಹೊಸ ಬಂದರಿನಲ್ಲಿ ಕ್ರೇನಿನ ಕೆಲಸ ಬಂತು, ಬೇಡ ಅಂದ. ಹಳೆಯ ಓಣಿ ಕೆಡವಿ ಮನೆ ಹೋಯಿತು, ದಕ್ಕೆಯ ಹಿಂದೆಯೇ ಒಂದು ಕೋಣೆ ಹಿಡಿದ. ಹುಡುಗಿ ಹುಡುಕಿಕೊಂಡು ಬಂದರೆ ಲಾಂಚಿಗೇ ಬರಬೇಕು. ಲಾಂಚಿನಲ್ಲಿ ತಾನಿರಬೇಕು.

ಈಗ ನದಿಯ ಬಾಯಿಯ ಹತ್ತಿರ ಸೇತುವೆ ಎದ್ದು ನಿಂತಿತ್ತು. ನದಿ ಹೆಪ್ಪುಗಟ್ಟುವ ಮೊದಲು ಅದರ ಮೇಲೆ ಬಸ್ಸು ಓಡುತ್ತದೆ, ಲಾಂಚು ನಿಲ್ಲುತ್ತದೆ ಎಂದು ಹೇಳಿಯಾಗಿತ್ತು. ಕ್ಯಾಪ್ಟನ್ ಲುವಾನ್ ಮಗನ ಅಂಗಡಿಯಲ್ಲಿ ಕೂರುವ ಲೆಕ್ಕ ಹಾಕಿದ್ದ. ಲಿಯಾನ್‌ಜಿ ಸೇತುವೆಯ ಬುಡದಲ್ಲಿ ಜೋಳ ಬೇಯಿಸಿ ಮಾರುತ್ತೇನೆ ಎಂದಿದ್ದಳು.

"ನೀನೇನ್ ಮಾಡ್ತೀಯೋ ಅರ್‌ದೊಂಗ್?" ಎಂದು ಲುವಾನ್ ಕೇಳಿದ.

"ಮಾಡೋದೇನು. ಇನ್ನೂ ನಿಂತಿಲ್ಲವಲ್ಲ ಲಾಂಚು."

"ನಿಲ್ಲುತ್ತೆ ಕಣೋ. ನೀನು ಎಂಜಿನ್ ತಬ್ಬಿಕೊಂಡು ಮಲಗಿದ್ರೂ ನಿಲ್ಲುತ್ತೆ."

ಬಾವ್‌ಹೆ ಕೈಬಟ್ಟೆ ಹಿಡಿದು ಕೆಳಗಿಳಿದ. ಮಗಳಿಗೆ ಈಗ ಮದುವೆಯ ವಯಸ್ಸು. ಇಷ್ಟು ವರ್ಷ ಬಾರದವಳು ಉಳಿದ ಇಷ್ಟು ದಿನದಲ್ಲಿ ಬಂದಾಳೆಯೇ ಎಂದು ಅವನ ಮನಸ್ಸೇ ಅವನನ್ನು ಆಡಿಕೊಳ್ಳುತ್ತಿತ್ತು.

ಅವಳು ಬಂದಳು.

ಶರತ್ಕಾಲದ ಕೊನೆ, ಗಾಳಿಯ ದಿನ. ಬೆಳಗ್ಗೆಯ ರೈಲಿನ ಜನ ಉತ್ತರದ ದಡದಲ್ಲಿ ಹತ್ತಿದರು. ತಗಡಿನ ಮೇಲೆ ಎಂದಿನ ಹಾಗೆ ಹೆಜ್ಜೆಗಳು, ಸೈಕಲ್ಲು, ಕೋಳಿಪಂಜರ. ಅವನು ಎಣ್ಣೆ ಬಿಡುತ್ತಿದ್ದ. ಸಂಜೆ ಕೊನೆಯ ಸರದಿಯಲ್ಲಿ ಅದೇ ಜನ ರೈಲು ಹಿಡಿಯಲು ಹಿಂತಿರುಗಿದರು. ಅವರನ್ನು ಆಚೆ ಇಳಿಸಿ, ಖಾಲಿ ಲಾಂಚನ್ನು ಊರ ದಡಕ್ಕೆ ತಂದು ಕಟ್ಟಿದ ಮೇಲೆ ಅವನು ಕೈ ಒರೆಸಿಕೊಂಡು ಮೇಲೆ ಬಂದ. ಡೆಕ್ಕಿನ ಬೆಂಚಿನ ಮೇಲೆ ಲಿಯಾನ್‌ಜಿ ಎಣ್ಣೆ ಕಾಗದ ಬಿಚ್ಚಿ ಕೂತಿದ್ದಳು. ಒಳಗೆ ಗೌಬಾಂಗ್‌ಜಿಯ ಹೊಗೆಕೋಳಿ, ರೈಲಿನವರು ಸದಾ ತರುವಂಥದ್ದು, ಹೊಗೆಯಲ್ಲಿ ಬೇಯಿಸಿದ್ದು, ಇಡೀದು, ಮಿರಮಿರ ಕಂದು ಬಣ್ಣದ್ದು.

"ಬಾ ಅಣ್ಣ, ಬಾ! ಇವತ್ತು ನಮ್ಮ ಹಬ್ಬ. ಕ್ಯಾಪ್ಟನ್, ನೀವೂ ಬನ್ನಿ, ಆಮೇಲೆ ಮೂಳೆ ಎಣಿಸ್ತಾ ಕೂರಬೇಡಿ."

"ಎಲ್ಲಿ ಕದ್ದೆ?" ಎಂದ ಲುವಾನ್.

"ಕದಿಯೋದಕ್ಕೆ ನಾನೇನು ನಿಮ್ಮ ಸೊಸೆನಾ? ಒಬ್ಬ ಹುಡುಗಿ ಕೊಟ್ಟು ಹೋದ್ಲು. ತಿನ್ನಿ ಮೊದಲು."

ಬಾವ್‌ಹೆ ಒಂದು ತೊಡೆ ಕಿತ್ತುಕೊಂಡ. ಬೆಳಗಿನಿಂದ ಹೊಟ್ಟೆಗೆ ಒಂದು ಹಬೆರೊಟ್ಟಿ ಬಿಟ್ಟರೆ ಏನೂ ಬಿದ್ದಿರಲಿಲ್ಲ. ಮೆತ್ತಗೆ ಬೆಂದಿತ್ತು, ಮೂಳೆಯಿಂದ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. "ಆಹಾ" ಅಂದ. ಬೆರಳು ನೆಕ್ಕಿಕೊಂಡ. "ಕೊಟ್ಟೋರ ಕೈ ತಣ್ಣಗಿರಲಿ" ಅಂದ.

"ತಣ್ಣಗಿರಲಿ ಸರಿ, ಬಾಯಿಗೊಂದು ಬೀಗ ಹಾಕ್ಬೇಕು ಅವಳಿಗೆ" ಎಂದು ಲಿಯಾನ್‌ಜಿ ನಕ್ಕಳು. "ಬೆಳಗ್ಗೆ ನಟ್ಟನಡು ನದೀಲಿ, ಟಿಕೆಟ್ ಹರೀತಿದೀನಿ, ಬಂದು ಎದುರಿಗೆ ನಿಂತು ಆ ಮಾತು ಅಂದ್ಬಿಟ್ಲು ಕಣಣ್ಣ. ಈ ಲಾಂಚಲ್ಲಿ ಅದು ಇದೆಯಾ ಅಂತ! ನಂಗೆ ಜೀವ ಬಾಯಿಗೆ ಬಂತು. ನೀ ಕಲಿಸಿದ ಹಾಗೆ ಮೂರು ಸಲ ಉಗಿದು, ಈ ಲಾಂಚಲ್ಲಿಲ್ಲ, ಇಲ್ಲ, ಇಲ್ಲ ಅಂದೆ. ಮತ್ತೆ ಕೇಳಿದ್ಲು. ಮತ್ತೆ ಉಗಿದೆ. ಯಾವಾಗಿಂದ ಇಲ್ಲ ಅಂತಾಳೆ! ಇಲ್ಲ ಅಂದ್ರೆ ಇಲ್ಲ, ಇನ್ನು ಯಾವತ್ತೂ ಇರೋದೂ ಇಲ್ಲ, ಸುಮ್ನೆ ಕೂತ್ಕೋ ಅಂತ ಗದರಿಸಿದೆ. ಪಾಪ, ಮುಖ ಇಷ್ಟು ಮಾಡ್ಕೊಂಡು ಕೂತ್ಲು. ಸಂಜೆ ಇಳಿಯುವಾಗ ಇದನ್ನ ಕೈಗಿಟ್ಟು, ಒಬ್ಬರಿಗೆ ಅಂತ ತಂದಿದ್ದೆ, ಅವರಿಲ್ಲವಂತೆ, ನೀವೇ ತಿನ್ನಿ ಅಂದ್ಲು."

ಬಾವ್‌ಹೆಯ ಕೈ ಬಾಯಿಯ ಹತ್ತಿರವೇ ನಿಂತಿತು.

"ಅದು ಇದೆಯಾ ಅಂದ್ಲಾ, ಇದಾರಾ ಅಂದ್ಲಾ?"

ಲಿಯಾನ್‌ಜಿಯ ನಗು ಮೆಲ್ಲಗೆ ಇಳಿಯಿತು. "ಇದಾರಾ... ಅಂದ್ಲು" ಅಂದಳು. ತಾನು ಹೇಳಿದ್ದು ಈಗ ಅವಳ ಕಿವಿಗೇ ಬಿದ್ದಂತಾಯಿತು. "ಅಯ್ಯೋ ದೇವರೇ. ಅಣ್ಣ, ಆ ಮಾತು ಕಿವಿಗೆ ಬಿದ್ರೆ ನಂಗೆ ನೀರು ಬಿಟ್ಟು ಬೇರೆ ನೆನಪಾಗಲ್ಲ. ಮುಂದಿನದನ್ನ ಹೇಳಕ್ಕೇ ಬಿಡಲಿಲ್ಲ, ನಿನ್ನ ಹೆಸರು ಅಂತ ಹೊಳೀಲೇ ಇಲ್ಲ ಕಣಣ್ಣ. ನೀನು ಅರ್‌ದೊಂಗು. ಇಪ್ಪತ್ತು ವರ್ಷದಿಂದ ನೀನು ನಂಗೆ ಅರ್‌ದೊಂಗು!"

"ಅವಳ ಹೆಸರೇನು?"

"ಹೆಸರು..." ಲಿಯಾನ್‌ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಕೇಳಿದೆ. ಯಾರ ಮಗಳೇ ನೀನು, ನದಿ ಮೇಲೆ ಏನಾಡಬೇಕು ಅಂತ ಹೇಳಿಕೊಟ್ಟಿಲ್ವಾ ಅಂತ ಬೈದು, ನಿನ್ನ ಹೆಸರೇನು ಅಂದೆ. ಹೇಳಿದ್ಲು. ಆದ್ರೆ ಅದನ್ನ ಇಲ್ಲಿ ಹೇಳಕ್ಕಾಗಲ್ಲಣ್ಣ. ಎರಡೂ ಒಟ್ಟಿಗೆ ಇದೆ. ಒಂದು ಅದು, ಇನ್ನೊಂದು ಇದು." ಅಂಗೈಯನ್ನು ಮೇಲೆ ಮಾಡಿ, ಮಗುಚುವುದನ್ನು ಪೂರ್ತಿ ತೋರಿಸಲೂ ಹೆದರಿ ಅರ್ಧಕ್ಕೇ ನಿಲ್ಲಿಸಿದಳು.

ಅಷ್ಟೇ ಸಾಕಾಗಿತ್ತು. ಆ ಎರಡು ಮಾತನ್ನು ಜೋಡಿಸಿ ಇನ್ಯಾರೂ ಹೆಸರಿಡುವುದಿಲ್ಲವೆಂದು ಅವನೇ ಒಂದು ದಿನ ಹೆಂಡತಿಗೆ ಕೂಗಿ ಹೇಳಿದ್ದ. ಆದರೂ ಕಿವಿಯಾರೆ ಕೇಳದೆ ಅವನಿಗೆ ನಂಬಲಾಗಲಿಲ್ಲ, ಲಾಂಚಿನ ಮೇಲೆ ಕೇಳಲೂ ಆಗಲಿಲ್ಲ. ಆಗಲೂ, ಆ ಗಳಿಗೆಯಲ್ಲೂ, ಇಲ್ಲೇ ಹೇಳು ಎನ್ನಲು ಅವನ ನಾಲಗೆ ಏಳಲಿಲ್ಲ. ಲಿಯಾನ್‌ಜಿಯ ತೋಳು ಹಿಡಿದು ಎಳೆದುಕೊಂಡು ಹೊರಟ. ಹಲಗೆ ಸೇತುವೆ ಒದ್ದೆಯಾಗಿತ್ತು, ಅವಳ ಚಪ್ಪಲಿ ಜಾರಿತು, ಎತ್ತಿ ನಿಲ್ಲಿಸಿದ. ತೇಲುವ ದಕ್ಕೆಯೂ ನೀರಿನ ಮೇಲಿನದೇ ಅಲ್ಲವೇ, ಅದನ್ನೂ ದಾಟಬೇಕು. ಕಲ್ಲಿನ ಮೆಟ್ಟಿಲು ಹತ್ತಿ, ರಸ್ತೆಯ ಮಣ್ಣು ಕಾಲಿಗೆ ತಾಗಿದ ಮೇಲೆ ನಿಂತರು.

"ಈಗ ಹೇಳು."

"ಚೆನ್ ಫಾನ್" ಅಂದಳು ಲಿಯಾನ್‌ಜಿ, ಅಳುತ್ತ.

ನದಿಯ ಆಚೆಯಿಂದ ರೈಲಿನ ಕೂಗು ಕೇಳಿಸಿತು. ಉದ್ದಕ್ಕೆ ಒಂದು, ಮೊಟಕಾಗಿ ಒಂದು. ಹಿಂದೆ ಓಡಿ ಬಂದಿದ್ದ ಲುವಾನ್, "ಹತ್ತು, ಹತ್ತು, ಇನ್ನೊಂದು ಸಲ ದಾಟಿಸೋಣ" ಎಂದು ಕೂಗಿದವನು ನೀರಿನಾಚೆ ತಿರುಗಿ ನೋಡಿದ. ಎದುರು ದಡದಲ್ಲಿ ದೀಪದ ಸಾಲು ಮೆಲ್ಲಗೆ ಸರಿಯತೊಡಗಿತ್ತು. ಬಾವ್‌ಹೆಯ ಕೈಯಲ್ಲಿ ಕೋಳಿಯ ತೊಡೆ ಇನ್ನೂ ಇತ್ತು. ಎಲ್ಲಿಡಬೇಕು ಎಂದು ತಿಳಿಯದೆ ಅವನು ಅದನ್ನು ಹಿಡಿದುಕೊಂಡೇ ನಿಂತಿದ್ದ.

ಮರುದಿನ ಮೊದಲ ರೈಲಿಗೆ ಗೌಬಾಂಗ್‌ಜಿಗೆ ಹೋದ. ಅತ್ತೆಯ ಮನೆಯ ಬಾಗಿಲಿಗೆ ಬೀಗ. ಬಾಗಿಲ ಮೇಲೆ ಸಾವಿನ ಮನೆಯ ಬಿಳಿ ಕಾಗದ ಅರ್ಧ ಹರಿದು ಅಂಟಿಕೊಂಡಿತ್ತು. ಪಕ್ಕದ ಮನೆಯ ಮುದುಕಿ ಮೆಣಸಿನಕಾಯಿ ಪೋಣಿಸುತ್ತ ಕೂತಿದ್ದಳು.

"ಯಾರು ಬೇಕಾಗಿತ್ತಪ್ಪ? ಮಿಂಗ್‌ಶಿಯಾ ಹೋಗಿ ಏಳನೇ ವಾರದ ಕಾರ್ಯವೂ ಮುಗೀತು. ಅವಳ ಅಮ್ಮ ಅವಳಿಗಿಂತ ಮೊದಲೇ ಹೋಗಿದ್ಲು. ಹುಡುಗಿ ಒಂದಿತ್ತು, ಅದೂ ಇವತ್ತು ಬೆಳಕು ಹರಿಯೋ ಮುಂಚೆ ಹೊರಟುಹೋಯ್ತು."

"ಎಲ್ಲಿಗೆ?"

"ದಕ್ಷಿಣಕ್ಕೆ. ಕಾರ್ಖಾನೆಗೆ ಜನ ಸೇರಿಸೋರ ಬಸ್ಸು ಬಂದಿತ್ತು. ಯಾವ ಊರೋ, ಹೇಳಿದ್ಲು, ನನ್ನ ತಲೇಲಿ ನಿಲ್ಲಲಿಲ್ಲ. ಇಲ್ಲಿರು ಅಂದ್ರೆ, ಅಪ್ಪನ್ನ ಒಂದ್ಸಲ ನೋಡಿ ಬರ್ತೀನಿ ಅಜ್ಜಿ, ಅವರು ಇರು ಅಂದ್ರೆ ಯಿಂಗ್ಕೊವ್‌ನಲ್ಲೇ ಇದ್ದುಬಿಡ್ತೀನಿ ಅಂದ್ಲು. ಹೋದ್ಲು, ಬಂದ್ಲು. ಅಪ್ಪ ಇಲ್ಲವಂತೆ ಅಜ್ಜಿ, ಲಾಂಚಿನೋರು ಮೂರು ಮೂರು ಸಲ ಹೇಳಿದ್ರು ಅಂತ ಈ ಕಟ್ಟೆ ಮೇಲೆ ಕೂತು ಅತ್ತಳು. ಎಲ್ಲಿ ಹೂತಿದಾರೆ ಅಂತಾನೂ ಯಾರೂ ಹೇಳಲಿಲ್ಲವಂತೆ. ಗೋರಿ ಗೊತ್ತಿಲ್ಲದೋರಿಗೆ ಮಾಡೋ ಹಾಗೆ ಅಲ್ಲಿ, ಆ ನಾಲ್ಕು ದಾರಿ ಸೇರೋ ಜಾಗದಲ್ಲಿ, ನೆಲದ ಮೇಲೆ ಸುತ್ತು ಗೀಚಿ, ಸತ್ತವರಿಗೆ ಮುಟ್ಟಲಿ ಅಂತ ಕಾಗದದ ದುಡ್ಡು ಸುಟ್ಟಳು. ಚೆನ್ ಬಾವ್‌ಹೆ, ಬಂದು ತಗೋ, ಚೆನ್ ಬಾವ್‌ಹೆ, ಬಂದು ತಗೋ ಅಂತ ಕೂಗಿದ್ಲು. ಬೀದಿ ಜನರೆಲ್ಲ ಕಣ್ಣೊರೆಸಿಕೊಂಡ್ರು."

ಬಾವ್‌ಹೆ ಕೇಳಿದ. "ಫೋನ್ ನಂಬರೇನಾದ್ರೂ..."

"ಅಮ್ಮನ ಫೋನಿತ್ತು, ಮಾರಿದ್ಲು. ಹೊಸದು ಅಲ್ಲಿ ಹೋಗಿ ತಗೊಂಡು ಮಾಡ್ತೀನಿ ಅಂದ್ಲು. ನನ್ನ ಹತ್ರ ಫೋನಿಲ್ಲ, ಯಾರಿಗೆ ಮಾಡ್ತಾಳೋ." ಮುದುಕಿ ಸೂಜಿ ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀನ್ಯಾರಪ್ಪ?"

"ಅರ್‌ದೊಂಗ್" ಅಂದ ಅವನು. ಬಾಯಿಗೆ ಬಂದದ್ದು ಅದೇ. "ಲಾಂಚಿನೋನು."

"ಓ, ನೀವೇನಾ ಲಾಂಚಿನೋರು!" ಮುದುಕಿಗೆ ಸಿಟ್ಟು ಬಂತು. "ಇಷ್ಟು ವರ್ಷ ನಿಮ್ಮ ಜೊತೆ ದುಡಿದೋನು. ಹೆತ್ತ ಮಗಳು ಬಂದ್ರೆ ಇಲ್ಲ ಇಲ್ಲ ಅಂತ ನಾಯಿ ಅಟ್ಟಿದ ಹಾಗೆ ಅಟ್ಟಿದ್ರಂತೆ. ಅವನು ಹೇಗೆ ಸತ್ತ, ಕೊನೇಲಿ ಏನಂದ, ಒಂದು ಮಾತು ಹೇಳೋಕೆ ಬಾಯಿ ಇರಲಿಲ್ವಾ ನಿಮಗೆ?"

ಬಾವ್‌ಹೆ ಅಲ್ಲಿಂದ ಹೊರಟ. ನಾಲ್ಕು ದಾರಿ ಸೇರುವ ಜಾಗಕ್ಕೆ ಬಂದ. ಸೀಮೆಸುಣ್ಣದ ಸುತ್ತು ಇನ್ನೂ ಇತ್ತು, ಒಳಗೆ ಕರಿಬೂದಿ. ಗಾಡಿಯೊಂದರ ಗಾಲಿ ಅದರ ಮೇಲೆ ಹಾದು ಹೋಗಿತ್ತು. ಅವನು ಕುಕ್ಕುರುಗಾಲಲ್ಲಿ ಕೂತು ತನ್ನ ಪಾಲಿನ ಬೂದಿಯನ್ನು ಸ್ವಲ್ಪ ಹೊತ್ತು ನೋಡಿದ. ಮುಟ್ಟಲಿಲ್ಲ. ರೈಲಿನ ಹೊತ್ತಾಯಿತೆಂದು ಎದ್ದ.

ಆಮೇಲೆ ಅವನು ಮಾಡಬಹುದಾದದ್ದನ್ನು ಮಾಡಿದ. ಜನ ಸೇರಿಸುವವರ ಕಚೇರಿ ಹುಡುಕಿದ. ಅವರು ಯಾವ ಬಸ್ಸು, ಯಾವ ದಿನ, ಯಾವ ಕಾರ್ಖಾನೆ ಎಂದು ಇವನನ್ನೇ ಕೇಳಿ ನಕ್ಕರು. ದಕ್ಷಿಣ ಎಂದರೆ ಅಲ್ಲಿ ಎಷ್ಟು ಊರು, ಎಷ್ಟು ಕಾರ್ಖಾನೆ, ಒಂದೊಂದರಲ್ಲಿ ಎಷ್ಟು ಸಾವಿರ ಹುಡುಗಿಯರು. ಸತ್ತ ಅಪ್ಪನನ್ನು ಆ ಹುಡುಗಿ ಇನ್ನು ಹುಡುಕುವುದೂ ಇಲ್ಲ. ವರ್ಷಕ್ಕೊಮ್ಮೆ ಯಾವುದೋ ಊರಿನ ನಾಲ್ಕು ದಾರಿಯಲ್ಲಿ ಕಾಗದ ಸುಡುತ್ತಾಳೆ, ಅಷ್ಟೆ. ಲಿಯಾನ್‌ಜಿ ಅವನ ಮುಖ ನೋಡಲು ಹೆದರಿ ಊಟದ ಡಬ್ಬಿಯನ್ನು ಎಂಜಿನ್ ಕೋಣೆಯ ಮೆಟ್ಟಿಲ ಮೇಲಿಟ್ಟು ಓಡಿಹೋಗುತ್ತಿದ್ದಳು. ಒಂದು ದಿನ ಅವನೇ ಕರೆದ.

"ನಿನ್ನದೇನೂ ತಪ್ಪಿಲ್ಲ ಕಣೆ. ನಾನು ಕಲಿಸಿದ್ದನ್ನೇ ನೀನು ಹೇಳಿದೆ. ಚೆನ್ನಾಗಿಯೇ ಕಲಿಸಿದ್ದೆ."

ಅವಳು ಇನ್ನೂ ಜೋರಾಗಿ ಅತ್ತಳು.

ಸೇತುವೆ ತೆರೆಯುವ ಹಿಂದಿನ ದಿನ ಲಾಂಚಿನ ಕೊನೆಯ ಸರದಿ. ನದಿಯ ಅಂಚಿನಲ್ಲಿ ಮಂಜುಗಡ್ಡೆಯ ಚೂರು ತೇಲತೊಡಗಿತ್ತು. ಯಾವತ್ತೂ ಲಾಂಚು ಹತ್ತದ ಜನವೆಲ್ಲ ಕ್ಯಾಮೆರಾ ಹಿಡಿದು ಬಂದಿದ್ದರು. ಡೆಕ್ಕಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಲುವಾನ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೆಳಗೆ ಇಣುಕಿದ.

"ಅರ್‌ದೊಂಗ್, ಇವತ್ತಾದ್ರೂ ಮೇಲೆ ಬಾರೋ. ಟೀವಿಯೋರು ಬಂದಿದಾರೆ. ಎಂಜಿನ್ ಒಂದು ಗಳಿಗೆ ತನ್ನನ್ನ ತಾನೇ ನೋಡ್ಕೊಳ್ಳುತ್ತೆ."

"ಇಲ್ಲೇ ಇರ್ತೀನಿ" ಅಂದ ಅವನು.

ಲಾಂಚು ದಡ ಬಿಟ್ಟಿತು. ಮೇಲೆ ಯಾರೋ ಹಾಡತೊಡಗಿದರು, ತಗಡಿನ ಮೇಲೆ ಕಾಲು ಕುಟ್ಟಿದರು. ಬಾವ್‌ಹೆ ಎಂಜಿನ್ನಿನ ಪಕ್ಕದ ತನ್ನ ಮೊಳಕಾಲೆತ್ತರದ ಪೀಠದ ಮೇಲೆ ಕೂತು ನಡುನದಿಯವರೆಗೆ ಕಾದ. ನೀರಿನ ಸೆಳೆತ ಬದಲಾದದ್ದು ಅವನಿಗೆ ಅಂಗಾಲಿನಲ್ಲೇ ತಿಳಿಯುತ್ತಿತ್ತು. ಆಗ ಬಾಯಿ ಬಿಟ್ಟ.

"ಚೆನ್" ಅಂದ.

ಮೈಯೆಲ್ಲ ಬೆವರಿತು. ಎಂಜಿನ್ ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಿತ್ತು. ಅವನು ಎದ್ದು ನಿಂತು, ತಲೆಯ ಮೇಲಿನ ತಗಡಿಗೆ ಮುಖ ಮಾಡಿ ಕೂಗಿದ. "ಚೆನ್ ಫಾನ್! ಚೆನ್ ಬಾವ್‌ಹೆ ಈ ಲಾಂಚಲ್ಲಿದಾನೆ! ಇದಾನೆ, ಇದಾನೆ, ಇದಾನೆ ಕಣಮ್ಮ!" ಗಂಟಲು ಹರಿಯುವ ತನಕ ಕೂಗಿದ. ಕೂಗಿದ್ದನ್ನೆಲ್ಲ ಎಂಜಿನ್ನಿನ ಸದ್ದು ನುಂಗಿ ಹಾಕಿತು. ಮೇಲೆ ಕಾಲು ಕುಟ್ಟುತ್ತಿದ್ದವರು ಕುಟ್ಟುತ್ತಲೇ ಇದ್ದರು.

ಏನೂ ಆಗಲಿಲ್ಲ. ನದಿ ಕೇಳಿಸಿಕೊಂಡ ಗುರುತೇ ಇರಲಿಲ್ಲ. ಒಂದು ಹನಿ ನೀರು ಒಳಗೆ ಬರಲಿಲ್ಲ. ಕ್ಯಾಪ್ಟನ್ನನ ಗಂಟೆ ಎರಡು ಸಲ ಬಡಿಯಿತು, ನಿಲ್ಲಿಸು ಎಂದು. ಬಾವ್‌ಹೆ ಎಂಜಿನ್ ನಿಲ್ಲಿಸಿದ. ಲಾಂಚು ದಿನದ ಹಾಗೆ ಮೆತ್ತಗೆ ದಡಕ್ಕೆ ತಾಗಿತು, ಜನ ಇಳಿದು ಹೋದರು.